ಕ್ಯಾಲ್ಸಿಯಂ ಜಾಸ್ತಿ ಬಂದರೆ ಖುಷಿಪಡಬೇಡಿ

ಉಡುಪಿಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿರುವ ನನಗೆ ಬೆಳಗಾದರೆ ಕಾಣಸಿಗುವುದು ಹೆಚ್ಚಾಗಿ ಥೈರಾಯ್ಡ್ ಟೆಸ್ಟಿಗೆ ಬಂದವರೇ. ಟಿಎಸ್‌ಎಚ್ ಎಷ್ಟಿರಬೇಕು ಎಂಬುದು ಈಗ ಊರಿಗೆಲ್ಲ ಬಾಯಿಪಾಠ. ಆದರೆ ಅದೇ ಕುತ್ತಿಗೆಯಲ್ಲಿ, ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡು ಅಕ್ಕಿಕಾಳಿನಷ್ಟಿರುವ ನಾಲ್ಕು ಗ್ರಂಥಿಗಳು ಉಂಟು. ಪ್ಯಾರಾಥೈರಾಯ್ಡ್ ಗ್ರಂಥಿಗಳು. ಅವುಗಳ ಸುದ್ದಿ ಎತ್ತುವವರಿಲ್ಲ. ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 10.9 ಅಂತ ಬಂದರೆ "ಒಳ್ಳೆಯದಾಯ್ತು, ಎಲುಬು ಗಟ್ಟಿ ಉಂಟು" ಎಂದು ಮಡಚಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ. ಈ ಬರಹ ಅವರಿಗಾಗಿ.

ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಎಲುಬು, ಹಲ್ಲುಗಳಲ್ಲೇ ಇರುವುದು. ರಕ್ತದಲ್ಲಿರುವುದು ತೀರಾ ಸ್ವಲ್ಪ. ಆದರೆ ನರ, ಸ್ನಾಯು, ಹೃದಯ ಎಲ್ಲ ನಡೆಯುವುದು ಆ ಸ್ವಲ್ಪವನ್ನು ನಂಬಿಕೊಂಡು. ಹಾಗಾಗಿ ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತದಲ್ಲಿ ಸುಮಾರು 8.5ರಿಂದ 10.5 ಮಿಲಿಗ್ರಾಂ ಒಳಗೆ ಅದನ್ನು ಕಾಪಾಡಲು ದೇಹ ಹಗಲೂ ರಾತ್ರಿ ಕೆಲಸ ಮಾಡುತ್ತದೆ. ಸ್ವಲ್ಪ ಕಡಿಮೆಯಾಯಿತೋ, ಪ್ಯಾರಾಥೈರಾಯ್ಡ್ ಗ್ರಂಥಿಗಳು ಪಿಟಿಎಚ್ ಎಂಬ ಹಾರ್ಮೋನ್ ಬಿಡುತ್ತವೆ. ಅದು ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ಕಿಡ್ನಿಯಲ್ಲಿ ತಡೆಯುತ್ತದೆ, ವಿಟಮಿನ್ ಡಿಯನ್ನು ಅಲ್ಲೇ ಚುರುಕುಗೊಳಿಸಿ ಊಟದಿಂದ ಹೆಚ್ಚು ಕ್ಯಾಲ್ಸಿಯಂ ಎಳೆದುಕೊಳ್ಳುವಂತೆ ಮಾಡುತ್ತದೆ. ಕ್ಯಾಲ್ಸಿಯಂ ಸಾಕಷ್ಟಾದ ಕೂಡಲೇ ಪಿಟಿಎಚ್ ಇಳಿಯಬೇಕು. ಕ್ಯಾಲ್ಸಿಯಂ ಎಷ್ಟಿದೆ ಎಂದು ಗ್ರಂಥಿಗೆ ತಿಳಿಸುವ ರಿಸೆಪ್ಟರನ್ನು 1993ರಲ್ಲಿ ಎಡ್ವರ್ಡ್ ಬ್ರೌನ್, ಸ್ಟೀವನ್ ಹೆಬರ್ಟ್ ಅವರ ತಂಡ ಪತ್ತೆಹಚ್ಚಿತು. ನಾಲ್ಕರಲ್ಲಿ ಒಂದು ಗ್ರಂಥಿ ಗಡ್ಡೆಯಾಗಿ ಬೆಳೆದರೆ ಅದು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ತುಂಬಿ ತುಳುಕುತ್ತಿದ್ದರೂ ಎಲುಬನ್ನು ಕರಗಿಸುತ್ತಲೇ ಇರುತ್ತದೆ. ಹೈಪರ್‌ಪ್ಯಾರಾಥೈರಾಯ್ಡಿಸಂ ಎಂದು ಇದರ ಹೆಸರು.

ಕಾಪುವಿನಲ್ಲಿರುವ ನನ್ನ ದೊಡ್ಡಮ್ಮನಿಗೆ ಆದದ್ದು ಇದೇ. ಮೊದಲ ಕಿಡ್ನಿ ಕಲ್ಲು ಕಾಣಿಸಿದಾಗ ಅವರಿಗೆ 51. ಆಮೇಲೆ ಮತ್ತೆ ಮತ್ತೆ ಆಯಿತು. ಬೀಡಿ ಕಟ್ಟುವವರು. ಮೊರ ಮಡಿಲಿಗೆ ಬಂದರೆ ಏಳುವುದೇ ಇಲ್ಲ, ನೀರು ಕುಡಿಯುವುದಿಲ್ಲ, ಅದಕ್ಕೇ ಕಲ್ಲು ಅಂತ ಎಲ್ಲರೂ ತೀರ್ಮಾನಿಸಿದ್ದೆವು. ಬಾಳೆದಿಂಡಿನ ರಸ ಕುಡಿದರು, ಹುರುಳಿಕಟ್ಟು ಕುಡಿದರು. ತೋರಿಸಿದ ಕಡೆಯಲ್ಲೆಲ್ಲ ಕಲ್ಲನ್ನು ಒಡೆದು ಕಳಿಸಿದರೇ ಹೊರತು ಕಲ್ಲು ಯಾಕೆ ಹುಟ್ಟುತ್ತಿದೆ ಎಂದು ಒಮ್ಮೆಯೂ ಕ್ಯಾಲ್ಸಿಯಂ ನೋಡಲಿಲ್ಲ. ಮಂಡಿನೋವು, ಸೊಂಟನೋವು ಎಂದಾಗ ಕ್ಯಾಲ್ಸಿಯಂ ಮಾತ್ರೆ ಬೇರೆ ಬರೆದುಕೊಟ್ಟರು. ಮಲಬದ್ಧತೆ, ಬಾಯಾರಿಕೆ, ಸಣ್ಣ ವಿಷಯಕ್ಕೂ ಅಳು. ಬೀಡಿ ಬ್ರಾಂಚಿನಿಂದ ತಂದ ಎಲೆ ಎಷ್ಟು, ಕೊಟ್ಟ ಕಟ್ಟು ಎಷ್ಟು ಎಂಬ ಲೆಕ್ಕವೂ ತಪ್ಪತೊಡಗಿತು. ವಯಸ್ಸಾಯಿತು ಎಂದರು. ಆಗ ಅವರಿಗೆ 63 ಅಷ್ಟೇ.

ಥೈರಾಯ್ಡ್ ಮಾತ್ರೆ ತಗೊಳ್ಳುವವರಾದ್ದರಿಂದ ಟಿಎಸ್‌ಎಚ್ ಮಾಡಿಸಲೆಂದು ನಮ್ಮಲ್ಲಿಗೇ ಬಂದರು. ನಾನೇ ರಕ್ತ ತೆಗೆದೆ. "ಇಷ್ಟು ಕಲ್ಲು ಯಾರಿಗಾದರೂ ಆಗ್ತದಾ ದೊಡ್ಡಮ್ಮ, ಒಂದು ಕ್ಯಾಲ್ಸಿಯಂ ಸಹ ನೋಡುವ" ಅಂದೆ. 11.4 ಬಂತು.

ಕ್ಯಾಲ್ಸಿಯಂ ಟೆಸ್ಟಿನಲ್ಲಿ ನಂಬರ್ ಕಂಡ ಕೂಡಲೇ ನಂಬುವ ಹಾಗಿಲ್ಲ. ತೋಳಿಗೆ ಟೂರ್ನಿಕೆಟ್ (ರಕ್ತ ತೆಗೆಯುವಾಗ ಕಟ್ಟುವ ಪಟ್ಟಿ) ಬಿಗಿದು ತುಂಬಾ ಹೊತ್ತು ಬಿಟ್ಟರೆ ರಕ್ತನಾಳದ ನೀರಿನಂಶ ಹೊರಗೆ ಹೋಗಿ ಪ್ರೋಟೀನ್ ದಟ್ಟವಾಗುತ್ತದೆ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು 40 ಪಾಲು ಅಲ್ಬುಮಿನ್ ಮುಂತಾದ ಪ್ರೋಟೀನಿಗೆ ಅಂಟಿಕೊಂಡೇ ಇರುವುದರಿಂದ ನಂಬರೂ ಸುಳ್ಳೇ ಮೇಲೇರುತ್ತದೆ. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಹಾಕಿರುವ ಇಡಿಟಿಎ ಕ್ಯಾಲ್ಸಿಯಂ ಅನ್ನೇ ಹಿಡಿದುಕೊಳ್ಳುವ ವಸ್ತು. ಅದರ ಒಂದು ಹನಿ, ಕ್ಯಾಲ್ಸಿಯಂ ನೋಡಲು ರಕ್ತ ಹಿಡಿಯುವ ಹಳದಿ ಮುಚ್ಚಳದ ಟ್ಯೂಬಿಗೆ ಸೇರಿದರೂ ಕ್ಯಾಲ್ಸಿಯಂ ಕುಸಿಯುತ್ತದೆ, ಪೊಟ್ಯಾಸಿಯಂ ಆಕಾಶಕ್ಕೆ ಹೋಗುತ್ತದೆ. ಅದಕ್ಕೇ ಹಳದಿ ಮೊದಲು ತುಂಬಿಸಬೇಕು, ನೇರಳೆ ಆಮೇಲೆ. ಹೊಸ ಹುಡುಗಿಯರು ಕೆಲಸಕ್ಕೆ ಸೇರಿದಾಗ ನಾನು ಹಟ ಹಿಡಿದು ಕಲಿಸುವ ಮೊದಲ ಪಾಠ ಇದು.

ದೊಡ್ಡಮ್ಮನನ್ನು ಇನ್ನೊಂದು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕರೆಸಿ, ಸೂಜಿ ನಾಳಕ್ಕೆ ಸಿಕ್ಕಿದ ಕೂಡಲೇ ಟೂರ್ನಿಕೆಟ್ ಸಡಿಲಿಸಿ, ಕ್ಯಾಲ್ಸಿಯಂ, ಅಲ್ಬುಮಿನ್, ಪಿಟಿಎಚ್ ಮೂರಕ್ಕೂ ಒಟ್ಟಿಗೇ ರಕ್ತ ತೆಗೆದೆ. ಕ್ಯಾಲ್ಸಿಯಂ 11.5, ಅಲ್ಬುಮಿನ್ ಸರಿಯಾಗಿತ್ತು, ಪಿಟಿಎಚ್ 168. ಮಾಮೂಲಾಗಿ 65ರ ಒಳಗಿರಬೇಕಾದದ್ದು. ಅಷ್ಟು ಕ್ಯಾಲ್ಸಿಯಂ ಇರುವಾಗ ಅದು ತಳಕ್ಕಿಳಿದಿರಬೇಕಿತ್ತು. ಕ್ಯಾಲ್ಸಿಯಂ ಹೆಚ್ಚಿರುವಾಗ ಪಿಟಿಎಚ್ 50 ಬಂದು, ರಿಪೋರ್ಟಿನಲ್ಲಿ 'ನಾರ್ಮಲ್' ಎಂದು ಅಚ್ಚಾಗಿದ್ದರೂ ಅದು ನಾರ್ಮಲ್ ಅಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟೇ ಓದಬೇಕು. ವಿಟಮಿನ್ ಡಿ ಸಹ ಕಡಿಮೆಯಿತ್ತು, 18. ಡಿ ಕಡಿಮೆಯಾದ್ದರಿಂದ ಪಿಟಿಎಚ್ ಏರಿರಬೇಕು, ಡಿ ಕೊಟ್ಟರೆ ಸಾಕು ಎಂದು ಒಬ್ಬರು ಹೇಳಿದರು. ಬರೀ ಡಿ ಕೊರತೆಯಿಂದ ಪಿಟಿಎಚ್ ಏರುವುದು ನಿಜ. ಆದರೆ ಆಗ ಕ್ಯಾಲ್ಸಿಯಂ ಕಡಿಮೆ ಇರುತ್ತದೆ, ಇಲ್ಲವೇ ಸರಿಯಿರುತ್ತದೆ. 11.5 ಆಗುವುದಿಲ್ಲ.

ಹೀಗೆ ಒಂದು ಚಮಚ ರಕ್ತದಲ್ಲಿ ಪಿಟಿಎಚ್ ಅಳೆಯಲು ಸಾಧ್ಯವಾಗಿರುವುದು ನ್ಯೂಯಾರ್ಕಿನ ರೊಸಾಲಿನ್ ಯಾಲೋ, ಸಾಲಮನ್ ಬರ್ಸನ್ ಅವರಿಂದ. ಹಾರ್ಮೋನುಗಳು ರಕ್ತದಲ್ಲಿ ಎಷ್ಟು ಕಡಿಮೆ ಇರುತ್ತವೆ ಎಂದರೆ, ಅದಕ್ಕೆ ಮುಂಚೆ ಅಳೆಯುವ ದಾರಿಯೇ ಇರಲಿಲ್ಲ. ಅವರು ಇನ್ಸುಲಿನ್‌ಗೆ ರೂಪಿಸಿದ ರೇಡಿಯೋ ಇಮ್ಯುನೋ ಅಸ್ಸೇ ವಿಧಾನದಲ್ಲೇ 1963ರಲ್ಲಿ ಪಿಟಿಎಚ್ ಅಳತೆಯೂ ಆಯಿತು. 1977ರಲ್ಲಿ ಯಾಲೋ ಅವರಿಗೆ ನೊಬೆಲ್ ಬಂತು, ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ನಮ್ಮ ಮಶೀನು ಈಗ ವಿಕಿರಣದ ಬದಲು ಬೆಳಕನ್ನು ಅಳೆಯುತ್ತದೆ, ಆದರೆ ಹಾರ್ಮೋನನ್ನು ಆಂಟಿಬಾಡಿಯಿಂದ ಹಿಡಿಯುವ ಮೂಲ ಉಪಾಯ ಅವರದ್ದೇ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ: ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಿನ್ನುವವರು ಅದನ್ನು ಲ್ಯಾಬಿನಲ್ಲಿ ಹೇಳಲೇಬೇಕು. ಕೆಲವು ಮಶೀನುಗಳಲ್ಲಿ ಬಯೋಟಿನ್‌ನಿಂದಾಗಿ ಟಿಎಸ್‌ಎಚ್ ಮತ್ತು ಪಿಟಿಎಚ್ ಎರಡೂ ಸುಳ್ಳೇ ಕಡಿಮೆ ಬರುತ್ತವೆ. ರಕ್ತ ಕೊಡುವ ಎರಡು ದಿನ ಮೊದಲಾದರೂ ನಿಲ್ಲಿಸಿ.

ಈ ಕಾಯಿಲೆಯ ಚರಿತ್ರೆಯಲ್ಲಿ ನನಗೆ ತುಂಬಾ ಸಂಕಟ ಕೊಟ್ಟದ್ದು ಚಾರ್ಲ್ಸ್ ಮಾರ್ಟೆಲ್ ಎಂಬ ಅಮೆರಿಕದ ಹಡಗಿನ ಕ್ಯಾಪ್ಟನ್ನನ ಕಥೆ. ಆರಡಿಯ ಆಳು, ಎಲುಬು ಕರಗಿ ಕರಗಿ ಏಳು ಇಂಚು ಕುಳ್ಳನಾದ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 1932ರಲ್ಲಿ ಏಳನೇ ಆಪರೇಶನ್ ಮಾಡಿದಾಗ ಗಡ್ಡೆ ಸಿಕ್ಕಿತು. ಕುತ್ತಿಗೆಯಲ್ಲಲ್ಲ, ಎದೆಗೂಡಿನ ಒಳಗೆ. ಅದಕ್ಕೆ ಮುಂಚಿನ ಆರೂ ಆಪರೇಶನ್ ವ್ಯರ್ಥ. ಗಡ್ಡೆ ಸಿಕ್ಕಿದರೂ ಮನುಷ್ಯ ಉಳಿಯಲಿಲ್ಲ, ಕಿಡ್ನಿ ಕಲ್ಲಿನ ತೊಂದರೆಯಲ್ಲೇ ಕೆಲವು ವಾರಗಳಲ್ಲಿ ತೀರಿಕೊಂಡ. ಮಲ್ಪೆ ಬಂದರಿನಲ್ಲಿ ದೋಣಿ ಏರುವ ಗಟ್ಟಿಮುಟ್ಟಾದ ಗಂಡಸರನ್ನು ನೋಡಿದಾಗಲೆಲ್ಲ ಅವನ ನೆನಪಾಗುತ್ತದೆ.

ಈಗ ಹಾಗಿಲ್ಲ. ಕುತ್ತಿಗೆಯ ಅಲ್ಟ್ರಾಸೌಂಡ್, ಸೆಸ್ಟಮಿಬಿ ಸ್ಕ್ಯಾನ್ (ವಿಕಿರಣದ ಮದ್ದು ಚುಚ್ಚಿ ಗ್ರಂಥಿ ಹುಡುಕುವ ಸ್ಕ್ಯಾನ್) ಎರಡರಲ್ಲೂ ದೊಡ್ಡಮ್ಮನ ಎಡಬದಿಯ ಕೆಳಗಿನ ಗ್ರಂಥಿ ಕಾಣಿಸಿತು. ಮಣಿಪಾಲದ ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞ) ಒಬ್ಬರು ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನನ್ನು ಬೆನ್ನು, ಸೊಂಟ ಮಾತ್ರವಲ್ಲದೆ ಮುಂಗೈಗೂ ಮಾಡಿಸಿದರು. ಪಿಟಿಎಚ್ ಜಾಸ್ತಿಯಾದರೆ ಹೆಚ್ಚು ಸವೆಯುವುದು ಮುಂಗೈ ಎಲುಬಂತೆ. ಬೀಡಿ ಸುತ್ತಿ ಸುತ್ತಿ ಕೈ ನೋಯುತ್ತದೆ ಎಂದು ದೊಡ್ಡಮ್ಮ ಹೇಳುತ್ತಿದ್ದುದನ್ನು ನಾವ್ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ, ಮುಂಗೈಯ ಫಲಿತಾಂಶವೇ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಒಂದು ದಿನದ ಪೂರ್ತಿ ಮೂತ್ರವನ್ನೂ ಕ್ಯಾನಿನಲ್ಲಿ ಹಿಡಿಸಿ ಕ್ಯಾಲ್ಸಿಯಂ ನೋಡಿದರು. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮೂತ್ರದಲ್ಲಿ ಕಡಿಮೆ ಇರುತ್ತದೆ. ಅಂಥವರಿಗೆ ಆಪರೇಶನ್‌ನಿಂದ ಪ್ರಯೋಜನವಿಲ್ಲ, ಅದು ಮೊದಲೇ ಗೊತ್ತಾಗಬೇಕು.

ಆಪರೇಶನ್ ಕೋಣೆಯಲ್ಲೂ ನಮ್ಮ ಕಸುಬಿನವರ ಕೆಲಸ ಉಂಟು. ಪಿಟಿಎಚ್ ರಕ್ತದಲ್ಲಿ ಕೆಲವೇ ನಿಮಿಷ ಬಾಳುವ ಹಾರ್ಮೋನು. ಗಡ್ಡೆ ತೆಗೆದು 10 ನಿಮಿಷಕ್ಕೆ ಮತ್ತೆ ಅಳೆದಾಗ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಸರಿಯಾದದ್ದನ್ನೇ ತೆಗೆದಿದ್ದಾರೆ ಎಂದು ಅರ್ಥ. ದೊಡ್ಡಮ್ಮನದ್ದು ಚೆನ್ನಾಗಿ ಇಳಿಯಿತು. ಮರುದಿನ ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಶುರುವಾಯಿತು. ವರ್ಷಗಟ್ಟಲೆ ಸೂರೆಯಾದ ಎಲುಬುಗಳು ಹಸಿದಿರುತ್ತವೆ, ರಕ್ತದಲ್ಲಿರುವ ಕ್ಯಾಲ್ಸಿಯಂ ಅನ್ನು ಒಮ್ಮೆಲೇ ಎಳೆದುಕೊಳ್ಳುತ್ತವೆ. ಡಾಕ್ಟರು ಅದಕ್ಕೆ ತಯಾರಾಗಿಯೇ ಇದ್ದರು, ಕ್ಯಾಲ್ಸಿಯಂ, ಕ್ಯಾಲ್ಸಿಟ್ರಿಯಾಲ್ (ಚುರುಕುಗೊಂಡ ವಿಟಮಿನ್ ಡಿ) ಕೊಟ್ಟರು. "ಮೊನ್ನೆ ಕ್ಯಾಲ್ಸಿಯಂ ಮುಟ್ಟಬೇಡ ಅಂದವರು ಇವತ್ತು ತಿನ್ನು ಅಂತಾರಲ್ಲ ಮಗಾ" ಅಂದರು ದೊಡ್ಡಮ್ಮ. ಕೂತು ವಿವರಿಸಿದೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ, ಕಾಪಿ ಅರ್ಧ ಗಂಟೆ ಕಳೆದು. ಕ್ಯಾಲ್ಸಿಯಂ ಅದಾಗಿ ನಾಲ್ಕು ಗಂಟೆಯಾದ ಮೇಲೆಯೇ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಹಿಡಿಯುವುದಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಕೋಣೆಯ ಕಪಾಟಿಗೆ ಅಂಟಿಸಿ ಬಂದಿದ್ದೇನೆ. ಈಗ ಕ್ಯಾಲ್ಸಿಯಂ 9.2. ಬ್ರಾಂಚಿನ ಲೆಕ್ಕ ತಪ್ಪುವುದಿಲ್ಲ.

ಈಗ ಚಿಂತೆ ಅವರ ಮಗನದ್ದು. ದುಬೈಯಲ್ಲಿರುವ ಅಣ್ಣನಿಗೆ 28ರಲ್ಲೇ ಒಮ್ಮೆ ಕಲ್ಲಾಗಿತ್ತು. ಅದು ಗೊತ್ತಾದ ಕೂಡಲೇ ಮಣಿಪಾಲದ ಡಾಕ್ಟರು ಅವನದ್ದೂ ಕ್ಯಾಲ್ಸಿಯಂ, ಪಿಟಿಎಚ್ ನೋಡಿ ಅಂದರು. ಈ ಕಾಯಿಲೆ ಹೆಚ್ಚಿನವರಲ್ಲಿ ಅವರವರಿಗಷ್ಟೇ ಬರುವುದು, ಆದರೆ ಕೆಲವು ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿಯುತ್ತದೆ, ಆಗ ಸಣ್ಣ ಪ್ರಾಯದಲ್ಲೇ ಕಾಣಿಸುತ್ತದೆ. ಅವನೋ ಕಲ್ಲಿನ ಹೆದರಿಕೆಗೆ ಹಾಲು, ಮೊಸರು ಬಿಟ್ಟು ಕೂತಿದ್ದಾನೆ. ಊಟದ ಕ್ಯಾಲ್ಸಿಯಂ ಕಲ್ಲು ಕಟ್ಟಿಸುವ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ, ಹಾಲು ಬಿಟ್ಟರೆ ಆಕ್ಸಲೇಟ್ ಮೂತ್ರಕ್ಕೆ ಹೋಗಿ ಕಲ್ಲು ಇನ್ನೂ ಸುಲಭದಲ್ಲಿ ಆಗುತ್ತದೆ ಎಂದು ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದಾಯಿತು. ಬರುವ ತಿಂಗಳು ರಜೆಯಲ್ಲಿ ಬರ್ತಾನೆ. ಬಂದ ಮರುದಿನವೇ ಬರಿಹೊಟ್ಟೆಯಲ್ಲಿ ಲ್ಯಾಬಿಗೆ ಬರಬೇಕು, ಅತ್ತಿಗೆ ಮಾತು ಕೇಳಿ ತಿನ್ನುತ್ತಿರುವ ಕೂದಲಿನ ಮಾತ್ರೆಯನ್ನು ಎರಡು ದಿನ ಮೊದಲೇ ನಿಲ್ಲಿಸಬೇಕು ಎಂದು ಮೆಸೇಜ್ ಹಾಕಿದ್ದೇನೆ. ಒಪ್ಪಿದ್ದಾನೆ.