ಮೊದಲು ಕಾಲು ನೋಡಿ, ಗಡ್ಡ ಆಮೇಲೆ

ಏಪ್ರಿಲ್ ಮೂರನೇ ವಾರ ಬಂತೆಂದರೆ ಅಮೆರಿಕದ ಮಿಸೌರಿಯಲ್ಲಿ ನನ್ನ ಅಲಾರಾಂ ಬೆಳಗಿನ ಮೂರೂವರೆಗೇ ಹೊಡೆಯುತ್ತದೆ. ಕಾಡು ಟರ್ಕಿ ಕೋಳಿ ಬೇಟೆಯ ಸೀಸನ್! ಹೊಸದಾಗಿ ಬೇಟೆ ಕಲಿಯುತ್ತಿರುವ ಗೆಳೆಯರು ಪ್ರತಿ ವರ್ಷ ಕೇಳುವುದು ಒಂದೇ ಮಾತು, ಒಳ್ಳೇ ಹುಂಜ ಅಂತ ದೂರದಿಂದ ಗೊತ್ತಾಗೋದು ಹೇಗೆ?

ಎಲ್ಲರ ಕಣ್ಣೂ ಎದೆಯಿಂದ ಜೋತಾಡುವ, ಕೂದಲಿನಂಥ ಗರಿಗಳ ಗಡ್ಡದ ಮೇಲೆ ಹೋಗುತ್ತದೆ. ನಾನು ಕಾಲು ನೋಡುತ್ತೇನೆ. ಈ ಅಭ್ಯಾಸ ಬಂದಿದ್ದು ಅಜ್ಜನಿಂದ. ಪುತ್ತೂರು ಕಡೆಯ ಕೋಳಿ ಅಂಕಗಳಲ್ಲಿ ಅವರು ಹುಂಜವನ್ನು ಎತ್ತಿಕೊಂಡರೆ ಮೊದಲು ಹೆಬ್ಬೆರಳಲ್ಲಿ ಕಾಲಿನ ಮುಳ್ಳು ಸವರುತ್ತಿದ್ದರು.

ಗಡ್ಡ ನಂಬಬೇಡಿ. ವರ್ಷಕ್ಕೆ ನಾಲ್ಕೈದು ಇಂಚು ಬೆಳೆಯುತ್ತದೆ ನಿಜ, ಆದರೆ 10 ಇಂಚು ದಾಟುವ ಹೊತ್ತಿಗೆ ಮೇಯುವಾಗ ನೆಲಕ್ಕೆ ಉಜ್ಜಿ ಉಜ್ಜಿ ತುದಿ ಸವೆಯುತ್ತದೆ, ಚಳಿಗಾಲದಲ್ಲಿ ಹಿಮ ಅಂಟಿ ಮುರಿಯುವುದೂ ಉಂಟು. ಕೆಲವು ಹೇಂಟೆಗಳಿಗೂ ಗಡ್ಡ ಇರುತ್ತದೆ. ಮುಳ್ಳು ಹಾಗಲ್ಲ, ಹುಂಜದ ವಯಸ್ಸು ಹೇಳುತ್ತದೆ. ಒಂದು ವರ್ಷದ ಮರಿಹುಂಜಕ್ಕೆ, ಇಲ್ಲಿ ಜೇಕ್ ಅಂತಾರೆ, ಅಂಗಿ ಗುಂಡಿಯಷ್ಟೇ. ಎರಡು ವರ್ಷದ್ದಕ್ಕೆ ಅರ್ಧದಿಂದ ಮುಕ್ಕಾಲು ಇಂಚು, ಮೊಂಡಾಗಿ. ನಾಲ್ಕು ವರ್ಷ ದಾಟಿದ್ದಕ್ಕೆ ಒಂದೂಕಾಲು ಇಂಚು, ಚೂಪಾಗಿ, ಕೊಕ್ಕೆಯ ಹಾಗೆ ಬಾಗಿರುತ್ತದೆ. (ಜೇಕ್ ಬಾಲ ಬಿಚ್ಚಿದರೆ ನಡುವಿನ ಗರಿ ಮಾತ್ರ ಉದ್ದ ಕಾಣುತ್ತದೆ. ಹೊಡೆಯಲು ಕಾನೂನಿನ ಅಡ್ಡಿಯಿಲ್ಲ, ಆದರೂ ನಾನು ಬಿಟ್ಟುಬಿಡುತ್ತೇನೆ.)

ಕಾಡು ಟರ್ಕಿಗಳಿಗಾಗಿಯೇ ಇರುವ ಇಲ್ಲಿನ ಸಂಸ್ಥೆ ನ್ಯಾಷನಲ್ ವೈಲ್ಡ್ ಟರ್ಕಿ ಫೆಡರೇಷನ್ ಬೇಟೆಯಾಡಿದ ಹುಂಜಕ್ಕೆ ಅಂಕ ಕೊಡುವ ಲೆಕ್ಕವೂ ಇದನ್ನೇ ಹೇಳುತ್ತದೆ. ಪೌಂಡ್‌ನಲ್ಲಿ ತೂಕ, ಗಡ್ಡದ ಇಂಚಿಗೆ 2ರ ಗುಣಾಕಾರ, ಎರಡೂ ಮುಳ್ಳಿನ ಇಂಚು ಕೂಡಿಸಿ 10ರ ಗುಣಾಕಾರ, ಮೂರನ್ನೂ ಸೇರಿಸಿದರೆ ಒಟ್ಟು ಅಂಕ. 24 ಪೌಂಡ್, 10 ಇಂಚು ಗಡ್ಡ, ಮುಕ್ಕಾಲು ಇಂಚಿನ ಮುಳ್ಳುಗಳಿದ್ದರೆ 59 ಅಂಕ. 21 ಪೌಂಡಿನ ಮುದಿ ಹುಂಜ, ಅಷ್ಟೇ ಗಡ್ಡ, ಒಂದೂಕಾಲು ಇಂಚಿನ ಮುಳ್ಳುಗಳು ಅಂದರೆ 66.

ಮುಳ್ಳು ಕಾಣುವುದು ಸುಲಭವಲ್ಲ. ಅದಕ್ಕೇ ನಡವಳಿಕೆ ಓದಬೇಕು. ನಾವು ಹೇಂಟೆ ದನಿ ಮಾಡಿ ಕರೆದರೆ ಎರಡು ವರ್ಷದ್ದು ಕೂಗಿ ಕೂಗಿ ಓಡಿ ಬರುತ್ತದೆ. ಮುದಿಯದು ಮರದ ಮೇಲೆ ಎರಡು ಸಲ ಕೂಗಿ ಕೆಳಗಿಳಿದ ಮೇಲೆ ಗಪ್‌ಚುಪ್, ಹೇಂಟೆಗಳೇ ತನ್ನ ಹತ್ತಿರ ಬರಲಿ ಅಂತ ಒಂದೇ ಕಡೆ ಗರಿಗೆದರಿ ನಿಲ್ಲುತ್ತದೆ.

ಓಝಾರ್ಕ್ ಗುಡ್ಡದ ಅಂಥದ್ದೊಂದರ ಹಿಂದೆ ಎರಡು ಸೀಸನ್ ಅಲೆದೆ. ಬೆಳಗಾದರೆ ನಾಲ್ಕೈದು ಹೇಂಟೆಗಳು ಜೊತೆಗೆ, ನನ್ನ ಕೂಗಿಗೆ ತಿರುಗಿಯೂ ನೋಡುತ್ತಿರಲಿಲ್ಲ. ಕೊನೆಗೆ ಹತ್ತು ಗಂಟೆಯವರೆಗೆ ಸುಮ್ನೆ ಕೂತೆ, ಯಾಕೆಂದರೆ ಆ ಹೊತ್ತಿಗೆ ಹೇಂಟೆಗಳು ಮೊಟ್ಟೆಯಿಡಲು ಗೂಡಿಗೆ ಹೋಗುತ್ತವೆ, ಹುಂಜ ಒಂಟಿಯಾಗುತ್ತದೆ. ಸ್ಲೇಟಿನ ಮೇಲೆ ಕಡ್ಡಿ ಉಜ್ಜಿ ಮೆಲ್ಲಗೆ ಮೂರು ಸಲ ಹೇಂಟೆ ದನಿ ಮಾಡಿದೆ. ಉತ್ತರವಿಲ್ಲ. ನಲವತ್ತು ನಿಮಿಷ ಕಳೆದ ಮೇಲೆ, ಕಿವಿಗಿಂತ ಮೊದಲು ಎದೆಗೆ ತಾಗುವಂಥ, ಗರಿಗೆದರಿದ ಹುಂಜ ಮಾಡುವ ಗುಂಯ್ ಅನ್ನೋ ಸದ್ದು ಬಂತು. ಆಮೇಲೆ ಓಕ್ ಮರಗಳ ನಡುವೆ ಬಿಳಿ ತಲೆ.

ಕೋವಿ ಮೊಣಕಾಲ ಮೇಲೇ ಇತ್ತು. ಬಣ್ಣ ಕಂಡಿತು ಅಂತ ಯಾರೂ ಈಡು ಹೊಡೆಯಬಾರದು, ದಯವಿಟ್ಟು. ಹುಂಜದ ತಲೆಯ ಬಣ್ಣಗಳೇ ಕೆಂಪು, ಬಿಳಿ, ನೀಲಿ, ಅವೇ ಬಣ್ಣದ ಟೋಪಿ ಕರವಸ್ತ್ರಗಳಿಂದ ಕಾಡಿನಲ್ಲಿ ಮನುಷ್ಯರಿಗೇ ಗುಂಡು ತಗುಲಿದೆ. ಪೂರ್ತಿ ಹಕ್ಕಿ ಕಾಣುವವರೆಗೆ ಕಾದೆ. ಗಿಡ್ಡ ಹುಲ್ಲಿಗೆ ಬಂದು ಪಕ್ಕಕ್ಕೆ ತಿರುಗಿತು, ಬಿಸಿಲಿಗೆ ಕಾಲಿನ ಹಿಂದೆ ಕಪ್ಪು ಕೊಕ್ಕೆ ಸ್ಪಷ್ಟವಾಗಿ ಕಂಡಿತು. 30 ಗಜ. ಒಂದೇ ಈಡು.

ಹತ್ತಿರ ಕೂತು ಮೊದಲು ಮುಳ್ಳು ಸವರಿದೆ. ಬಲಗಡೆಯದು ಒಂದೂಕಾಲು ಇಂಚಿಗೂ ಜಾಸ್ತಿ. ಎದೆಮಾಂಸ ಅವತ್ತೇ ಹುರಿದೆವು. ಮುದಿ ಹುಂಜದ ತೊಡೆ ಗಟ್ಟಿ ಅಲ್ವಾ, ಕುಕ್ಕರಿನಲ್ಲಿ ಹತ್ತು ವಿಸಿಲ್ ಕೂಗಿಸಿ ಭಾನುವಾರ ಕೋರಿ ರೊಟ್ಟಿ ಜೊತೆ ತಿಂದೆವು.