ಮೀನಿಗಿಂತ ಮೊದ್ಲ ಸ್ಪಂಜ್ ಪ್ಯಾಕ್ ಮಾಡ್ರಿ

ಹುಬ್ಬಳ್ಳಿ-ಧಾರವಾಡದಾಗ ಅಕ್ವೇರಿಯಂ ಸರ್ವಿಸ್ ಕೆಲಸ ನಂದು. ಮನಿ ಬದಲಿ ಮಾಡೋರು, ಸಣ್ಣ ಟ್ಯಾಂಕ್ ಬಿಟ್ಟು ದೊಡ್ಡದು ತಗೊಂಡೋರು ಫೋನ್ ಹಚ್ಚಿದ್ರ ಕೇಳೂದು ಒಂದ ಮಾತು, ದಾರ್ಯಾಗ ಮೀನ ಸಾಯಂಗಿಲ್ಲಲ್ರಿ ಅಂತ. ದಾರ್ಯಾಗ ಸಾಯೂದು ಭಾಳ ಕಮ್ಮಿ. ಸಾಯೂದು ಹೊಸ ಟ್ಯಾಂಕಿಗೆ ಬಿಟ್ಟು ಮೂರ್ನಾಕ್ ದಿನಕ್ಕ, ಎಲ್ಲಾ ಬರೋಬರಿ ಆತು ಅಂತ ರೊಕ್ಕಾ ಕೊಟ್ಟು ಕಳಿಸಿದ ಮ್ಯಾಲೆ.

ಯಾಕಂದ್ರ ಮೀನಿನ ಹೊಲಸಿನಿಂದ ಬರೋ ಅಮೋನಿಯಾ ಅನ್ನೋ ವಿಷಾನ ನೈಟ್ರೈಟ್ ಮಾಡಿ, ಅದನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಇರೂದು ಫಿಲ್ಟರ್ ಸ್ಪಂಜಿನಾಗ, ಸಿರಾಮಿಕ್ ರಿಂಗಿನಾಗ, ತಳದ ಹಳ್ಳಿನ ಮ್ಯಾಲೆ, ನೀರಾಗ ಇರೂದು ಭಾಳ ಕಮ್ಮಿ. ಆದ್ರ ಮಂದಿ ಹಳೇ ನೀರು ಕೊಡಪಾನ ಕೊಡಪಾನ ಜ್ವಾಕಿಯಿಂದ ತುಂಬಿಟ್ಟಿರ್ತಾರ, ಸ್ಪಂಜ್ ಮಾತ್ರ ಸರ್ಫ್ ಹಾಕಿ ತಿಕ್ಕಿರ್ತಾರ. ಕೇಶ್ವಾಪುರದಾಗ ಒಂದು ಮನಿಗೆ ಹೋದ್ರ ಮಾಳಗಿ ಮ್ಯಾಲೆ ಅರಬಿ ಒಣಾ ಹಾಕೋ ಹಗ್ಗಕ್ಕ ಸ್ಪಂಜಿಗೂ ಎರಡು ಕ್ಲಿಪ್ ಹಚ್ಚಿ ಬಿಸಲಿಗೆ ಹಾಕಿದ್ರು, ಬೆಳ್ಳಗ ಹಾಲಿನಂಗ ಆಗಿತ್ತು, ಇನ್ನ ಅದರಾಗ ಬ್ಯಾಕ್ಟೀರಿಯಾ ಮತ್ತ ಮೊದಲಿನಂಗ ಬೆಳೀಬೇಕಂದ್ರ 4ರಿಂದ 6 ವಾರ ಬೇಕು. ಸ್ಪಂಜ್ ಹಳೇ ಟ್ಯಾಂಕಿನ ನೀರಾಗ ಮುಳುಗಿಸಿ ಬಕೆಟಿನಾಗ ಒಯ್ಯಬೇಕು, ತಾಸುಗಟ್ಲೆ ದಾರಿ ಇದ್ರ ಬ್ಯಾಟರಿ ಏರ್ ಪಂಪ್ ಅದಕ್ಕೂ ಬಿಡಬೇಕು, ಆ ಬ್ಯಾಕ್ಟೀರಿಯಾಕ್ಕೂ ಆಕ್ಸಿಜನ್ ಬೇಕ ಬೇಕು. ಮತ್ತ ಶಿಫ್ಟ್ ಮಾಡಿದ ಕೂಡ್ಲೆ ನೀಲಿ ಔಷಧ ಸುರೀರಿ ಅನ್ನೋರ ಮಾತು ಕೇಳಬ್ಯಾಡ್ರಿ, ಮಿಥಿಲೀನ್ ಬ್ಲೂ ಅದ ಬ್ಯಾಕ್ಟೀರಿಯಾಕ್ಕ ಪೆಟ್ಟು ಕೊಡತೈತಿ.

ಎರಡನೇದು ನೀರಿನ ಫರಕು, ನಮ್ಮ ಕಡೆ ಇದು ದೊಡ್ಡ ಕಿರಿಕಿರಿ. ಒಂದ ಓಣ್ಯಾಗ ಒಬ್ರ ಮನ್ಯಾಗ ಮಲಪ್ರಭಾ ನೀರು, ಬಾಜೂ ಮನ್ಯಾಗ ಸವಳು ಬೋರ್ ನೀರು ಇರ್ತೈತಿ, ಆಮ್ಯಾಲೆ ಹುಬ್ಬಳ್ಳಿ ಬಿಟ್ಟು 60 ಕಿಲೋಮೀಟರ್ ಗದಗಿಗೆ ಹೋದ್ರಂತೂ ಬೋರ್ ನೀರು ಗಾಜಿನ ಮ್ಯಾಲೆ ಬಿಳೀ ಪಟ್ಟಿ ಬಿಡೋವಷ್ಟು ಗಡಸು. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತಿ) 7 ಇದ್ದದ್ದು 8 ಆತಂದ್ರ ಇದ್ದಷ್ಟ ಅಮೋನಿಯಾದಾಗ ವಿಷದ ಪಾಲು ಹತ್ತಿರತ್ತಿರ ಹತ್ತು ಪಟ್ಟು ಏರ್ತೈತಿ. ಅದಕ್ಕ ಊರಾಗಿನ ಊರಾಗ ಶಿಫ್ಟ್ ಮಾಡುವಾಗ ಮೀನ ಇರೋ ಬ್ಯಾಗ್ ಹೊಸ ಟ್ಯಾಂಕಿನಾಗ 15-20 ನಿಮಿಷ ತೇಲಿಬಿಟ್ಟು, ಆಮ್ಯಾಲೆ ಏರ್ ಪೈಪಿಗೆ ಗಂಟು ಹಾಕಿ ಹೊಸ ನೀರು ಹನಿ ಹನಿ ಬಿಡ್ತೀನಿ, ಗಡಸು ನೀರಿಗೆ ಹೊಂಟಿದ್ರ ಒಂದು ತಾಸು ಹಿಡೀಲಿ, ಅವಸರ ಮಾಡಂಗಿಲ್ಲ. ಆದ್ರ ಬೆಂಗಳೂರಿಂದ ರಾತ್ರಿ ಬಸ್ಸಿನಾಗ ಪಾರ್ಸಲ್ ಬಂದ ಮೀನಿಗೆ ಹಿಂಗ ಮಾಡಬ್ಯಾಡ್ರಿ. ಕಟ್ಟಿದ ಬ್ಯಾಗಿನಾಗ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಇಳದಿರ್ತೈತಿ, ಅದಕ್ಕ ಅಮೋನಿಯಾ ಇದ್ರೂ ಅದರ ವಿಷ ಕಮ್ಮಿ ಇರ್ತೈತಿ, ಬ್ಯಾಗ್ ಬಿಚ್ಚಿದ್ರ ಗ್ಯಾಸ್ ಹೋಗಿ ಪಿಎಚ್ ಏರಿ ಅಲ್ಲೇ ವಿಷ ಆಗತೈತಿ. ಅಂಥಾವಕ್ಕ ಬಿಸಿ-ತಂಪು ಸಮ ಮಾಡಿ ಬ್ಯಾಗ್ ಬಿಚ್ಚಿದ ಕೂಡ್ಲೆ ಮೀನ ಅಷ್ಟ ಎತ್ತಿ ಬಿಡೂದು, ಬ್ಯಾಗಿನ ನೀರು ಗಟಾರಕ್ಕ.

ನಳದ ನೀರಿಗೆ ಆಂಟಿ ಕ್ಲೋರಿನ್ ಹಾಕ್ರಿ, ಬ್ಯಾಸಗ್ಯಾಗ ಮಧ್ಯಾಹ್ನ ಸಿಂಟೆಕ್ಸ್ ನೀರು ಸೀದಾ ಬಿಡಬ್ಯಾಡ್ರಿ, ಕೈ ಇಟ್ರ ಸುಡತಿರ್ತೈತಿ.

ಮೀನ ಹಿಡಿಯೂದಕ್ಕ ಎಲ್ಲಾರೂ ಬಲಿ (ನೆಟ್) ಅಂತಾರ, ನಾನು ಪ್ಲಾಸ್ಟಿಕ್ ಡಬ್ಬಿ ಅಂತೀನಿ. ಕಣ್ಣು ಹೊರಗ ಬಂದಿರೋ ಗೋಲ್ಡ್ ಫಿಶ್ ಬಲ್ಯಾಗ ಒದ್ದಾಡಿದ್ರ ಕಣ್ಣಿಗೆ ಪೆಟ್ಟು. ಗಾಜಿಗೆ ಬಾಯಿಲೆ ಅಂಟ್ಕೊಳ್ಳೋ ಸಕ್ಕರ್ ಮೀನಂತೂ ಗಾಬ್ರಿ ಆದ್ರ ಈಜುರೆಕ್ಕಿ ಮುಳ್ಳು ಸೆಟದು ನಿಂದ್ರಿಸಿ ಬಲಿಗೆ ಸಿಗಿಸ್ಕೊಂತೈತಿ, ಆವಾಗ ಜಗ್ಗಬಾರ್ದು, ಮೀನ ನೀರಾಗ ಇಟ್ಕೊಂಡ ಕತ್ತರಿಲೆ ಬಲಿ ಕತ್ತರಸ್ತೀನಿ, ಬಲಿ ಹೋದ್ರ ಹೋಗವಲ್ದು. ಮೊದ್ಲ ಗಿಡ ಕಲ್ಲು ತಗದು ಮುಕ್ಕಾಲು ನೀರು ಇಳಿಸಿದ್ರ ಬೆನ್ನಟ್ಟೋ ಕೆಲಸನ ಇರಂಗಿಲ್ಲ. ಹಿಂದಿನ ದಿನ ಊಟ ಹಾಕಬ್ಯಾಡ್ರಿ, ಬ್ಯಾಗಿನಾಗ ಹೊಲಸು ಕಮ್ಮಿ ಆಗತೈತಿ.

ನೀರು ಇದ್ದ ಟ್ಯಾಂಕ್ ಎತ್ತೂದು ಮಾತ್ರ ಕೇಳಲೇಬ್ಯಾಡ್ರಿ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂದ್ರ 127 ಲೀಟರ್, ಅಷ್ಟ ಕಿಲೋ ಭಾರ, ಮ್ಯಾಲೆ ಗಾಜು ಮತ್ತ ಹಳ್ಳು. ಸ್ವಲ್ಪ ಹೊಳ್ಳಿದ್ರ ಸಿಲಿಕಾನ್ ಜೋಡಣಿ ಬಿಡತೈತಿ, ನಾಕು ಮಂದಿ ಗಟ್ಟಿಮುಟ್ಟ ಹುಡುಗ್ರು ನಿಂತ್ರೂ ನಾನು ಹೂಂ ಅನ್ನಂಗಿಲ್ಲ.

ಬಿಟ್ಟ ಮ್ಯಾಲೆ ಲೈಟ್ ಆಫ್, ಮುಚ್ಚಳ ಗಟ್ಟಿ. ಆಸ್ಕರ್ ಅನ್ನೋ ಮೀನ ಇಟ್ಟೋರು ರಾತ್ರಿ ಫೋನ್ ಮಾಡೇ ಮಾಡ್ತಾರ, ಮಗ್ಗಲಾಗಿ ತಳಕ್ಕ ಬಿದ್ದೈತ್ರಿ, ಹೋತ್ರಿ ಅಂತ. ಅದು ಸಿಟ್ಟಿಗೆ ಮಲಗಿರ್ತೈತಿ, ಕಿವಿರು ಸಾವಕಾಶ ಆಡಾಕತ್ತಿದ್ರ ಬಿಟ್ಟುಬಿಡ್ರಿ. ಮ್ಯಾಲೆ ಬಂದು ಬಾಯಿ ಬಡಿಯಾಕತ್ತಿದ್ರ ಮಾತ್ರ ಕಾಲು ಭಾಗ ನೀರು ಬದಲಿ ಮಾಡಿ, ಏರ್ ಪಂಪ್ ಜೋರು ಮಾಡಿ, ಆಮ್ಯಾಲೆ ಫೋನ್ ಹಚ್ರಿ.