ಸಣ್ಣ ಸಂಘಕ್ಕೂ ದೂರದೃಷ್ಟಿ ಬೇಕೇ?

ಮೂಡಿಗೆರೆ ಕಡೆಯ ನಮ್ಮ ಸಣ್ಣ ಕಾಫಿ ಬೆಳೆಗಾರರ ಸಂಘದ ಕಾರ್ಯದರ್ಶಿಯಾದ ಮೇಲೆ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: ವಾರದ ಬಟವಾಡೆಗೇ ಹಣ ಹೊಂದಿಸಲು ಒದ್ದಾಡುವ ಸಂಘಕ್ಕೆ ದೂರದೃಷ್ಟಿ ಯಾಕೆ, ಅದೆಲ್ಲ ದೊಡ್ಡ ಕಂಪನಿಗಳ ಮಾತಲ್ಲವೇ? ನಮ್ಮಂಥವರಿಗೇ ಅದು ಹೆಚ್ಚು ಬೇಕು ಎಂಬುದು ನನ್ನ ಉತ್ತರ. ತಪ್ಪು ದಾರಿಯಲ್ಲಿ ಎರಡು ವರ್ಷ ನಡೆದು ಹಿಂತಿರುಗುವ ತ್ರಾಣ ನಮಗಿಲ್ಲ.

ಹಿಂದೆ ಈ ಪ್ರಶ್ನೆಗೆ ಇಷ್ಟು ತುರ್ತಿರಲಿಲ್ಲ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆದದ್ದನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆ ಒಟ್ಟಾಗಿ ಸೇರುವ ಸಂಗ್ರಹಕ್ಕೆ, ಒಪ್ಪಿಸಿದರೆ ಮಾರಾಟದ ಚಿಂತೆ ಮಂಡಳಿಯದಾಗಿತ್ತು. ಆ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರಾಟ ಮುಕ್ತವಾದಾಗ, ಎಂಥ ಕಾಫಿಯನ್ನು ಯಾರಿಗಾಗಿ ಬೆಳೆಯಬೇಕೆಂದು ಬೆಳೆಗಾರನೇ ತೀರ್ಮಾನಿಸಬೇಕಾಯಿತು.

ರುಚಿ ನೋಡಿ ಕೊಳ್ಳುವವರಿಗೆ ನಮ್ಮ ಅರೇಬಿಕಾ ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿ ಬೀಜವನ್ನು, ನೇರವಾಗಿ ಮಾರುವ ಗುರಿಯನ್ನು ನಾವು ಆರಿಸಿಕೊಂಡು, ಅದನ್ನು ಬರೆಸಿ ಕಚೇರಿಯ ಗೋಡೆಗೂ ಹಾಕಿದೆವು. ಮೊದಲ ಕೊಯ್ಲಿನ ಸಂಜೆ ಚೀಲಗಳನ್ನು ಸುರಿದಾಗ ಕೆಂಪು ಹಣ್ಣಿನ ನಡುವೆ ಹಸಿರು ಕಾಯಿ ರಾಶಿಯಾಗಿ ಕಂಡಿತು. ಕಾಯಿಯ ಸಿಪ್ಪೆ ಪಲ್ಪರ್ ಎಂಬ ಸುಲಿಯುವ ಯಂತ್ರದಲ್ಲಿ ಸರಿಯಾಗಿ ಬಿಡುವುದಿಲ್ಲ, ಲೋಟದಲ್ಲಿ ಒಗರು ಉಳಿಯುತ್ತದೆ. ಕೊಯ್ದವರನ್ನು ದೂರಲು ಹೊರಟ ನನ್ನನ್ನು ಹಿರಿಯ ಕಾರ್ಮಿಕ ಮಹಿಳೆಯೊಬ್ಬರು ತಡೆದು, "ನೀವು ಕೊಡೋದು ಕೆಜಿ ಲೆಕ್ಕ ತಾನೇ ಅಯ್ಯಾ? ಹಣ್ಣು ಆರಿಸ್ತಾ ನಿಂತ್ರೆ ನಮ್ ಕೂಲಿ ಹುಟ್ಟುತ್ತಾ?" ಎಂದರು. ಗೋಡೆಯ ಬರಹ ಹೇಳಿದ್ದೇ ಒಂದು, ಬಟವಾಡೆ ಪುಸ್ತಕ ಹೇಳಿದ್ದೇ ಇನ್ನೊಂದು; ಜನರು ಪುಸ್ತಕವನ್ನು ನಂಬಿದ್ದರು, ಅದು ಸರಿಯೂ ಆಗಿತ್ತು. ಮುಂದಿನ ವಾರದಿಂದ ಹಣ್ಣಿಗೆ ಹೆಚ್ಚಿನ ದರ ಕೊಟ್ಟು, ಒಂದೇ ತೋಟವನ್ನು ಮೂರು ಸುತ್ತು ಕೊಯ್ಯಿಸಿದೆವು. ಕಾರ್ಯತಂತ್ರ ಎಂಬ ಪದ ನನಗೆ ಅರ್ಥವಾದದ್ದು ಆಗ.

ಇದಕ್ಕೆ ತಾಳ್ಮೆ ಬೇಕು. ನಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದು 1925ರಲ್ಲಿ. ಎಲೆ ತುಕ್ಕು ರೋಗವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವ ಎಸ್. 795 ತಳಿ ಬೆಳೆಗಾರರ ಕೈ ಸೇರಿದ್ದು 1940ರ ದಶಕದಲ್ಲಿ. ಅಷ್ಟು ವರ್ಷ ಗಿಡ ನೆಟ್ಟು, ಕಾದು, ಮತ್ತೆ ನೆಟ್ಟವರನ್ನು ನೆನೆದರೆ ನನಗೆ ಇಂದಿಗೂ ಗೌರವ ಉಕ್ಕುತ್ತದೆ.

ನಾಯಕತ್ವದ ಪರೀಕ್ಷೆ ನಡೆಯುವುದು ಬೆಲೆ ಏರಿದಾಗ. ಒಂದು ವರ್ಷ ಚೆರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿಗೆ, ಒಳ್ಳೆಯ ಬೆಲೆ ಬಂದು, ಎಲ್ಲವನ್ನೂ ಹಾಗೆಯೇ ಒಣಗಿಸಿ ಮಾರಿಬಿಡೋಣವೆಂದು ಸದಸ್ಯರು ಪಟ್ಟು ಹಿಡಿದರು. ನಮ್ಮ ಅಧ್ಯಕ್ಷರು ಗುರಿಯ ಬಗ್ಗೆ ಭಾಷಣ ಮಾಡಲಿಲ್ಲ. ನಮ್ಮ ಪಾರ್ಚ್‌ಮೆಂಟಿಗಾಗಿ ಕಾದಿರುವವರಿಗೆ ಯಾರು ಫೋನ್ ಮಾಡಿ ಇಲ್ಲವೆನ್ನುತ್ತೀರಿ ಎಂದು ಕೇಳಿ, ಮೊಬೈಲನ್ನು ಮೇಜಿನ ಮೇಲಿಟ್ಟರು. ಬಹಳ ಹೊತ್ತು ಯಾರೂ ಅದನ್ನು ಮುಟ್ಟಲಿಲ್ಲ. ಪಲ್ಪರ್ ಆ ವರ್ಷವೂ ತಿರುಗಿತು.